ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್ ಬಿಡಿ ಸಂಚಿಕೆ ತಗೋಬೇಕಾ, ಪುಸ್ತಕ ಬರೋ ತನಕ ಕಾಯಬೇಕಾ? ನಮ್ಮ ಕಡೆ ಮಳೆಗಾಲ ಲೆಕ್ಕಕ್ಕಿಟ್ಟುಕೊಂಡು ಹೇಳಿ

ಗಿರಿಪುಟ (ಚಿಕ್ಕಮಗಳೂರು)

ಹಾಸನ, ಚಿಕ್ಕಮಗಳೂರು ಕಡೆಯ ಕಾಮಿಕ್ಸ್ ಓದುಗರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ, ಅದಕ್ಕೇ ಕೇಳ್ತಿದೀನಿ. ಈಗಿನ ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ತಿಂಗಳು ತಿಂಗಳೂ ಬಿಡಿ ಸಂಚಿಕೆಯಾಗಿಯೇ ಓದಬೇಕಾದ್ದು ಯಾವುದು? ಪುಸ್ತಕವಾಗಿ ಬರೋ ತನಕ ಕಾದರೂ ನಷ್ಟವಿಲ್ಲದ್ದು ಯಾವುದು?

ನನ್ನ ಅಭಿಪ್ರಾಯ ಮೊದಲೇ ಹೇಳ್ತೀನಿ. ಡಿಸಿಯವರು ಬ್ಯಾಟ್‌ಮ್ಯಾನ್ ಕಥೆಯನ್ನ ಮೊದಲಿಂದ ಹೊಸದಾಗಿ ಕಟ್ಟಿರೋ ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್‌ಗೆ ಸದ್ಯಕ್ಕೆ ಸಾಟಿ ಇಲ್ಲ. 2024ರ ಅಕ್ಟೋಬರಿನಲ್ಲಿ ಶುರುವಾಯ್ತು, ಕಥೆ ಸ್ಕಾಟ್ ಸ್ನೈಡರ್, ಚಿತ್ರ ನಿಕ್ ಡ್ರಗೋಟಾ. ಬ್ಯಾಟ್‌ಮ್ಯಾನ್ ಆಗೋ ಬ್ರೂಸ್ ವೇನ್ ಕೈಯಿಂದ ಆಸ್ತಿ, ಬಂಗಲೆ, ಮನೆಯಾಳು ಎಲ್ಲ ಕಿತ್ತುಕೊಂಡಿದ್ದಾರೆ. ಅವನೊಬ್ಬ ಎಂಜಿನಿಯರ್, ದುಡಿಯೋ ಮನೆಯ ಹುಡುಗ. ಅಮ್ಮ ಮಾರ್ಥಾ ಬದುಕಿದ್ದಾಳೆ. ಹಳೇ ಕಥೆಯ ಮನೆಯಾಳು ಆಲ್ಫ್ರೆಡ್ ಇಲ್ಲಿ ಅವನ ಮೇಲೆ ಕಣ್ಣಿಡಲು ಬಂದಿರೋ ಗೂಢಚಾರ. ಮುಂದೆ ಕಿಲ್ಲರ್ ಕ್ರಾಕ್, ಪೆಂಗ್ವಿನ್, ಟೂ-ಫೇಸ್, ರಿಡ್ಲರ್ ಅನ್ನೋ ಖಳರಾಗಬೇಕಾದವರೆಲ್ಲ ಅವನ ಜೊತೆ ಆಡಿ ಬೆಳೆದ ಗೆಳೆಯರು. ಬೇನ್ ಅನ್ನೋ ಖಳ ಬರೋ ಕಥಾಭಾಗ ಅಷ್ಟು ಕ್ರೂರವಾಗಿ ತಟ್ಟೋದು ಇದೇ ಕಾರಣಕ್ಕೆ. ಏಟು ಬ್ರೂಸ್‌ಗಿಂತ ಹೆಚ್ಚಾಗಿ ಆ ಗೆಳೆಯರಿಗೆ ಬೀಳುತ್ತೆ. ದುಡ್ಡಿಲ್ಲದ ಬ್ಯಾಟ್‌ಮ್ಯಾನ್‌ಗೆ ಪ್ರತಿ ಸಲಕರಣೆಯೂ ಒಂದಕ್ಕಿಂತ ಹೆಚ್ಚು ಕೆಲಸ ಮಾಡಬೇಕು. ಎದೆಯ ಮೇಲಿನ ಬಾವಲಿ ಗುರುತನ್ನೇ ಬಿಚ್ಚಿ ಕೊಡಲಿ ಮಾಡ್ಕೋತಾನೆ, ಕಿವಿ ಕಿತ್ತರೆ ಚಾಕು. ವೇಷದಲ್ಲಿ ಅಲಂಕಾರಕ್ಕೆ ಅಂತ ಒಂದೂ ಇಲ್ಲ.

ಮಾರ್ವೆಲ್‌ನ ಅಲ್ಟಿಮೇಟ್ ಸ್ಪೈಡರ್-ಮ್ಯಾನ್ ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ. ಜೊನಾಥನ್ ಹಿಕ್‌ಮನ್ 2024ರ ಜನವರಿಯಲ್ಲಿ ಶುರುಮಾಡಿದಾಗ ಎಂಥ ಚೆಂದ ಇತ್ತು! ಮದುವೆಯಾಗಿ ಎರಡು ಮಕ್ಕಳಿರೋ ಪೀಟರ್ ಪಾರ್ಕರ್ ನಡುವಯಸ್ಸಿನ ಹತ್ತಿರ ಬಂದು ಸ್ಪೈಡರ್-ಮ್ಯಾನ್ ಆಗ್ತಾನೆ, ಅಂಕಲ್ ಬೆನ್ ಇನ್ನೂ ಇದ್ದಾರೆ. ಆಮೇಲೆ ಎಳೀತಾ ಹೋಯ್ತು. ಅದನ್ನ ಪುಸ್ತಕವಾಗಿ ಒಟ್ಟಿಗೆ ಓದೋದೇ ಮೇಲು ಅನ್ನೋದು ನನ್ನ ವಾದ. ಬ್ಯಾಟ್‌ಮ್ಯಾನ್ ಬಿಡಿಯಾಗಿ, ಸ್ಪೈಡರ್-ಮ್ಯಾನ್ ಪುಸ್ತಕವಾಗಿ. ಒಪ್ತೀರಾ?

ಹೇಮಾವತಿ_ದಂಡೆ (ಹಾಸನ)

ಅರ್ಧ ಒಪ್ತೀನಿ ಗುರು. ಬ್ಯಾಟ್‌ಮ್ಯಾನ್ ಸರಿ. ಸ್ಪೈಡರ್-ಮ್ಯಾನ್ ಲೆಕ್ಕ ನೀವು ತಲೆಕೆಳಗು ಮಾಡಿದೀರಿ.

ಆ ಅಲ್ಟಿಮೇಟ್ ಸರಣಿ ಇಡೀ ಗಡಿಯಾರದ ಮೇಲೆ ನಡೆಯುತ್ತೆ. ಮೇಕರ್ ಅನ್ನೋ ಖಳ ತನ್ನ ಸಿಟಿ ಒಳಗೆ ಬೀಗ ಹಾಕಿಸ್ಕೊಂಡಿದ್ದಾನೆ, ಎರಡು ವರ್ಷ ಆದ ಮೇಲೆ ಹೊರಗೆ ಬರ್ತಾನೆ. ಹೊರಗೆ ಒಂದು ತಿಂಗಳು ಕಳೆದರೆ ಕಥೆಯಲ್ಲೂ ಒಂದು ತಿಂಗಳು. ಹಾಗಾಗಿ ಒಂದು ಸಂಚಿಕೆಯಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ಮೂವತ್ತು ದಿನ ಪೀಟರ್‌ಗೂ ಕಳೆದಿರುತ್ತೆ, ನಮಗೂ ಕಳೆದಿರುತ್ತೆ. ಆರು ಸಂಚಿಕೆ ಒಂದೇ ಕೂತಕ್ಕೆ ಓದಿದರೆ 'ಹೋದ ಸಲ ಹೊಡೆದಾಟ ಅರ್ಧಕ್ಕೆ ನಿಂತಿತ್ತಲ್ಲ, ಈಗ ನೋಡಿದ್ರೆ ಎಲ್ಲ ಮುಗಿದು ಮನೆಯಲ್ಲಿದ್ದಾರೆ' ಅಂತ ಮುಗ್ಗರಿಸ್ತೀರಿ. ಬಿಡಿಯಾಗಿ ಓದಿದವರಿಗೆ ಅದು ಸಹಜ. 4ನೇ ಸಂಚಿಕೆ ನೋಡಿ, ಬಹುಪಾಲು ಹೋಟೆಲಿನ ಊಟದ ಮೇಜಿನ ಸುತ್ತಲೇ ಮುಗಿಯುತ್ತೆ. ಪೀಟರ್, ಅವನ ಹೆಂಡತಿ ಎಂಜೆ, ಗೆಳೆಯ ಹ್ಯಾರಿ, ಹ್ಯಾರಿ ಹೆಂಡತಿ ಗ್ವೆನ್ ಕೂತು ಮಾತಾಡ್ತಾರೆ, ಅಷ್ಟೇ. ಒಂದು ತಿಂಗಳ ಪಾಲಿಗೆ ಅದು ತುಂಬಿದ ಊಟ. ಸಂಕಲನದಲ್ಲಿ ಅದನ್ನೇ 'ಎಳೆದಿದ್ದಾರೆ' ಅಂತೀರಿ.

ಘಾಟಿ_ಮಬ್ಬು (ಸಕಲೇಶಪುರ)

ಎಳೆದಿದ್ದು ಹೌದು ಕಣ್ರೀ. ತಿಂಗಳಿಗೆ ಇಪ್ಪತ್ತು ಚಿಲ್ಲರೆ ಪುಟ ಕೊಟ್ಟು, ಮುಖ್ಯ ಘಟನೆ ಆ ಕಾಣದ ಮೂವತ್ತು ದಿನದಲ್ಲಿ ನಡೆಸಿದ್ರೆ ಓದುಗನಿಗೆ ಏನು ಸಿಕ್ಕಿತು? ತಂತ್ರ ಚೆನ್ನಾಗಿದೆ ಅಂದ ಮಾತ್ರಕ್ಕೆ ಕಥೆ ಚೆನ್ನಾಗಿದೆ ಅಂತಾಗಲ್ಲ. ಅದೇ ಸಾಲಿನ ದಿ ಅಲ್ಟಿಮೇಟ್ಸ್ ನೋಡಿ, ಡೆನಿಜ್ ಕ್ಯಾಂಪ್ ಬರೆದಿದ್ದು. ಕಾಲದ ಆಟವನ್ನ ಪುಟದ ಮೇಲೆ ಆಡಿ ತೋರಿಸಿದ್ದಾರೆ. ಡೂಮ್ ಅನ್ನೋ ಪಾತ್ರದ ಹಿನ್ನೆಲೆ ಹೇಳೋ 4ನೇ ಸಂಚಿಕೆಯಲ್ಲಿ ಪುಟ ನಾಲ್ಕು ಅಡ್ಡಪಟ್ಟಿಯಾಗಿ ಹರಿಯುತ್ತೆ, ಒಂದೊಂದು ಪಟ್ಟಿ ಒಂದೊಂದು ಕಾಲ. ಮೇಲಿಂದ ಕೆಳಗೂ ಓದಬಹುದು, ಒಂದೇ ಪಟ್ಟಿ ಹಿಡಿದು ಪುಟ ತಿರುವುತ್ತಾ ಕೊನೇ ತನಕವೂ ಓದಬಹುದು. ಸೂಪರ್‌ಹೀರೋ ಕಾಮಿಕ್ಸ್ ಇಷ್ಟು ಎಚ್ಚರದಿಂದ ಕಟ್ಟಬಹುದು ಅಂತ ಗೊತ್ತಾದ ಮೇಲೆ ಊಟದ ಮೇಜಿಗೆ ಯಾಕೆ ಸಮಾಧಾನಪಟ್ಟುಕೊಳ್ಳಬೇಕು?

ಗಿರಿಪುಟ (ಚಿಕ್ಕಮಗಳೂರು)

@ಹೇಮಾವತಿ_ದಂಡೆ ಗಡಿಯಾರದ ವಾದ ಗಟ್ಟಿಯಾಗಿದೆ. ಆದರೂ ಆ ಗಡಿಯಾರದ ಜೊತೆ ನಡೆಯೋಕೆ ಸಂಚಿಕೆ ನಮ್ಮ ಕೈಗೆ ತಿಂಗಳು ತಿಂಗಳಿಗೆ ಬರಬೇಕಲ್ಲ. ಹೊರದೇಶದಿಂದ ಬರೋ ಪಾರ್ಸೆಲ್ಲು ನಾಲ್ಕು ಸಂಚಿಕೆ ಒಟ್ಟಿಗೇ ತರುತ್ತೆ.

ಒಣಹವೆ (ಅರಸೀಕೆರೆ)

ಅಬ್ಸಲ್ಯೂಟ್ ಮಾರ್ಷಿಯನ್ ಮ್ಯಾನ್‌ಹಂಟರ್ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ ಯಾಕೆ?

ಬಣ್ಣದ_ಇಂಕು (ಹಾಸನ)

ನಾನು ಅದನ್ನೇ ಹೇಳೋಣ ಅಂತಿದ್ದೆ. ಅದೂ ಡೆನಿಜ್ ಕ್ಯಾಂಪ್ ಕಥೆ, ಚಿತ್ರ ಮತ್ತು ಬಣ್ಣ ಹಾವಿಯೆರ್ ರೊಡ್ರಿಗೆಸ್. 2025ರ ಮಾರ್ಚಿನಲ್ಲಿ ಶುರು. ಮೊದಲು ಆರು ಸಂಚಿಕೆ ಅಂದಿದ್ರು, ಆಮೇಲೆ ಹನ್ನೆರಡು ಮಾಡಿದ್ರು.

ಜಾನ್ ಜೋನ್ಸ್ ಎಫ್‌ಬಿಐನವನು. ಒಂದು ಬಾಂಬ್ ಸ್ಫೋಟ ಆದ ಮೇಲೆ ಅವನಿಗೆ ಜನರ ಮನಸ್ಸಿನೊಳಗಿನದ್ದು ಬಣ್ಣದ ಹೊಗೆಯಾಗಿ ಕಾಣೋಕೆ ಶುರುವಾಗುತ್ತೆ. ಬೀದಿಯಲ್ಲಿ ನಡೆಯುವಾಗ ಒಬ್ಬೊಬ್ಬರ ತಲೆಯಿಂದ ಒಂದೊಂದು ಬಣ್ಣ ಏಳುತ್ತೆ. ಇಲ್ಲಿ ಗಮನಿಸಬೇಕಾದ್ದು ಬಣ್ಣದ ಗುಣ. ಇಂದಿನ ಬಹುತೇಕ ಸೂಪರ್‌ಹೀರೋ ಪುಟಗಳಲ್ಲಿ ಪ್ರತಿ ಮೂಗು, ಪ್ರತಿ ಮಾಂಸಖಂಡಕ್ಕೆ ನಾಲ್ಕೈದು ಛಾಯೆ ಕೊಟ್ಟು ನುಣ್ಣಗೆ ಮಾಡಿರ್ತಾರೆ. ರೊಡ್ರಿಗೆಸ್ ಚಪ್ಪಟೆ ಬಣ್ಣ ಹಾಕ್ತಾರೆ. ಒಂದು ಆಕಾರಕ್ಕೆ ಒಂದೇ ಬಣ್ಣ, ಅಂಚು ಚೂಪು. ಅದಕ್ಕೇ ಹೊಗೆ ಒಂದು ಚೌಕದಿಂದ ಇನ್ನೊಂದಕ್ಕೆ ದಾಟಿದರೂ ಕಣ್ಣು ಅದನ್ನ ಹಿಡಿದುಕೊಂಡೇ ಹೋಗುತ್ತೆ, ಓದೋ ದಾರಿ ಬಣ್ಣವೇ ತೋರಿಸುತ್ತೆ. ಬಣ್ಣ ಬೇರೆಯವರು ಹಾಕಿದ್ರೆ ಇದು ಆಗ್ತಿರಲಿಲ್ಲ. ಚೌಕ ಎಲ್ಲಿ ಒಡೀಬೇಕು ಅನ್ನೋದನ್ನ ಬಣ್ಣ ಮನಸ್ಸಲ್ಲಿಟ್ಟುಕೊಂಡೇ ತೀರ್ಮಾನಿಸಿದ್ದಾರೆ.

ಇದನ್ನ ಮಾತ್ರ ಕಾಗದದ ಮೇಲೆ ನೋಡಿ ದಯವಿಟ್ಟು. ಮೊಬೈಲ್ ಪರದೆಯಲ್ಲಿ ಹಿಂದಿನಿಂದ ಬೆಳಕು ಬಂದು ಕಿತ್ತಳೆ, ಗುಲಾಬಿ ಎಲ್ಲ ಮಿಂಚಿಬಿಡುತ್ತೆ, ಬಣ್ಣಗಳ ನಡುವಿನ ತೂಕ ತಪ್ಪುತ್ತೆ.

ಘಾಟಿ_ಮಬ್ಬು (ಸಕಲೇಶಪುರ)

ಮೇಡಂ, ಟ್ಯಾಬ್ಲೆಟ್ಟಿನಲ್ಲಿ ಬಣ್ಣ ಅಷ್ಟೇನೂ ಕೆಡಲ್ಲ. ಮಾರ್ವೆಲ್‌ನವಾದ್ರೆ ಮಾರ್ವೆಲ್ ಅನ್‌ಲಿಮಿಟೆಡ್ ಅನ್ನೋ ಚಂದಾ ಆ್ಯಪ್‌ನಲ್ಲಿ ಮೂರು ತಿಂಗಳು ತಡವಾಗಿ ಬರುತ್ತೆ. ಬಿಡಿ ಸಂಚಿಕೆಗೆ ಕೊಡೋ ದುಡ್ಡಿನಲ್ಲಿ ತಿಂಗಳು ಪೂರ್ತಿ ಓದಬಹುದು.

ಬಣ್ಣದ_ಇಂಕು (ಹಾಸನ)

ದುಡ್ಡಿನ ಮಾತು ಒಪ್ತೀನಿ. ಅಳತೆ ಮಾತು ಬೇರೆ. ಅಮೆರಿಕನ್ ಕಾಮಿಕ್ ಪುಟ 6⅝ ಅಂಗುಲ ಅಗಲ, 10¼ ಅಂಗುಲ ಎತ್ತರ. ಮೂಲೆಯಿಂದ ಮೂಲೆಗೆ ಅಳೆದರೆ ಹನ್ನೆರಡು ಅಂಗುಲಕ್ಕೂ ಸ್ವಲ್ಪ ಜಾಸ್ತಿ. ಹನ್ನೊಂದು ಅಂಗುಲದ ಟ್ಯಾಬ್ಲೆಟ್ಟಿನಲ್ಲೂ ಒಂದು ಪುಟ ಪೂರ್ತಿ ಗಾತ್ರಕ್ಕೆ ಬರಲ್ಲ. ಎರಡು ಪುಟ ಸೇರಿದ ಹರವು ಬಂದಾಗ ಟ್ಯಾಬ್ಲೆಟ್ ಅಡ್ಡ ಹಿಡೀಬೇಕು, ಆಗ ಚಿತ್ರದ ವಿಸ್ತೀರ್ಣ ಅರ್ಧಕ್ಕಿಂತ ಕಡಿಮೆ ಆಗುತ್ತೆ. ಡ್ರಗೋಟಾ ಒಂದೇ ಪುಟದಲ್ಲಿ ಹತ್ತಾರು ಸಣ್ಣ ಚೌಕ ಹೆಣೆದು, ಮುಂದಿನ ಹರವಿನಲ್ಲಿ ಬ್ಯಾಟ್‌ಮ್ಯಾನ್‌ನ ದೈತ್ಯ ದೇಹ ಬಿಡ್ತಾರೆ. ಆ ಏಟು ಬೀಳೋದೇ ಗಾತ್ರದ ವ್ಯತ್ಯಾಸದಿಂದ. ಪರದೆ ಎರಡನ್ನೂ ಒಂದೇ ಮಟ್ಟಕ್ಕೆ ತರುತ್ತೆ.

ಇನ್ನೊಂದು, ಬಿಡಿ ಸಂಚಿಕೆ ನಡುವೆ ಎರಡು ಪಿನ್ ಹೊಡೆದಿರುತ್ತೆ, ಬಿಚ್ಚಿದರೆ ಚಪ್ಪಟೆ ಮಲಗುತ್ತೆ. ಪೇಪರ್‌ಬ್ಯಾಕ್ ಸಂಕಲನದಲ್ಲಿ ಹಾಳೆಗಳ ಬೆನ್ನು ಕತ್ತರಿಸಿ ಗೋಂದು ಹಾಕಿರ್ತಾರೆ. ಹರವಿನ ನಡುಭಾಗ ಗೋಂದಿನ ಕಡೆಗೆ ಬಾಗಿ ಒಳಗೆ ಹೋಗಿಬಿಡುತ್ತೆ, ಅಲ್ಲಿ ಮುಖವೋ ಮಾತಿನ ಬಲೂನೋ ಇದ್ದರೆ ಬಗ್ಗಿ ನೋಡಬೇಕು. ಜೋರಾಗಿ ಬಿಚ್ಚಿದ್ರೆ ಬೆನ್ನು ಸೀಳುತ್ತೆ. ಹೊಲಿಗೆ ಹಾಕಿದ ಹಾರ್ಡ್‌ಕವರ್ ವಾಸಿ. ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್‌ನ ಮೊದಲ ಸಂಪುಟ 1ರಿಂದ 6ನೇ ಸಂಚಿಕೆ ಸೇರಿಸಿ ಹಾರ್ಡ್‌ಕವರ್ ಆಗಿ ಬಂದಿದೆ. ಕಾಯೋರು ಅದನ್ನೇ ತಗೊಳ್ಳಿ.

ಡಿಸಿ 2024ರಲ್ಲಿ ತಂದ ಕಾಂಪ್ಯಾಕ್ಟ್ ಪುಸ್ತಕಗಳು 5½ ಅಂಗುಲ ಅಗಲ, 8½ ಅಂಗುಲ ಎತ್ತರ. ಹಳೇ ಕಥೆಗಳನ್ನ ಕಡಿಮೆ ದುಡ್ಡಿಗೆ ಓದೋಕೆ ತುಂಬಾ ಒಳ್ಳೇದು. ಡ್ರಗೋಟಾ ಪುಟ ಆ ಗಾತ್ರಕ್ಕೆ ಇಳಿದರೆ ಅಕ್ಷರ ಓದೋಕೆ ಕಷ್ಟ.

ಹೇಮಾವತಿ_ದಂಡೆ (ಹಾಸನ)

ಇದಕ್ಕಿಂತ ಒಳ್ಳೆ ಉತ್ತರ ಬಿಡಿ ಸಂಚಿಕೆ ಪರವಾಗಿ ಯಾರೂ ಕೊಡೋಕಾಗಲ್ಲ 👏

ಕೊಪ್ಪದ_ಓದುಗ (ಕೊಪ್ಪ)

ಎಲ್ಲ ಸರಿ ಮಾರಾಯ್ರೆ, ಆಗಸ್ಟ್ ತಿಂಗಳಲ್ಲಿ ಆ ಬಿಡಿ ಸಂಚಿಕೆ ಎಲ್ಲಿಡೋದು ಅಂತ ಹೇಳಿ ಮೊದ್ಲು. ಇಲ್ಲಿ ಗೋಡೆಯೇ ಬೆವರ್ತದೆ. ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೇ ಬೂಷ್ಟು ಬರೋ ಊರಲ್ಲಿ ಕಾಮಿಕ್ಸ್ ಉಳೀತದಾ? ಪ್ಲಾಸ್ಟಿಕ್ ಬ್ಯಾಗು, ಬೆನ್ನಿಗೆ ರಟ್ಟಿನ ಬೋರ್ಡು ಹಾಕಿದ್ರೆ ಸಾಕು ಅಂತ ಬೆಂಗಳೂರಿನವರು ಹೇಳ್ತಾರೆ, ಅವರಿಗೆ ಸೋನೆ ಮಳೆ ಅಂದ್ರೆ ಎಂತದು ಗೊತ್ತಿಲ್ಲ.

ಒಣಹವೆ (ಅರಸೀಕೆರೆ)

ಒಂದು ಪೊಟ್ಟಣ ಸಿಲಿಕಾ ಜೆಲ್ ಹಾಕಿ ಮುಚ್ಚಿಬಿಡಿ ಸಾರ್, ಆಯ್ತು.

ಮೂಡಿಗೆರೆ_ಮಳೆ (ಮೂಡಿಗೆರೆ)

ಅರಸೀಕೆರೆಯಲ್ಲಿ ಆಗುತ್ತೆ, ಮಲೆನಾಡಿನಲ್ಲಿ ಆಗಲ್ಲ. ಲೆಕ್ಕ ಹೇಳ್ತೀನಿ ನೋಡಿ.

ತೇವ ಇರೋದು ಡಬ್ಬಿಯೊಳಗಿನ ಗಾಳಿಯಲ್ಲಿ ಅಲ್ಲ, ಕಾಗದದ ಒಳಗೆ. ಒಂದು ಸಂಚಿಕೆ ಸುಮಾರು 70 ಗ್ರಾಂ, ಬ್ಯಾಗು ಬೋರ್ಡು ಸೇರಿದರೆ 90 ಆಸುಪಾಸು. ನೂರು ಸಂಚಿಕೆ ಅಂದ್ರೆ 9 ಕೆಜಿ. ಮಳೆಗಾಲದ ಗಾಳಿಗೆ ಬಿದ್ದ ಕಾಗದವನ್ನ ಸುರಕ್ಷಿತ ಮಟ್ಟಕ್ಕೆ ಒಣಗಿಸೋಕೆ ಅದರಿಂದ ಸ್ಥೂಲವಾಗಿ ಕಾಲು ಕೆಜಿ ನೀರು ತೆಗೀಬೇಕು. ಸಿಲಿಕಾ ಜೆಲ್ ಆ ಮಟ್ಟದಲ್ಲಿ ಹಿಡಿಯೋದು ತನ್ನ ತೂಕದ ಐದನೇ ಒಂದು ಭಾಗ. ಅಂದ್ರೆ ಒಂದೂಕಾಲು ಕೆಜಿ ಜೆಲ್ ಬೇಕು. ಚಪ್ಪಲಿ ಡಬ್ಬಿಯಲ್ಲಿ ಬರೋ ಪೊಟ್ಟಣ ಒಂದೇ ದಿನಕ್ಕೆ ತಣ್ಣಗಾಗುತ್ತೆ.

ಹಾಗಾಗಿ ಜೆಲ್ಲಿಗಿಂತ ಮುಖ್ಯ ಯಾವಾಗ ಪ್ಯಾಕ್ ಮಾಡ್ತೀರಿ ಅನ್ನೋದು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಗದ ತಾನಾಗಿಯೇ ಒಣಗಿರುತ್ತೆ. ಆಗ ಸಂಚಿಕೆ, ಬೋರ್ಡು, ಡಬ್ಬಿ ಮೂರನ್ನೂ ನೆರಳಲ್ಲಿ, ಗಾಳಿ ಆಡೋ ಕೋಣೆಯಲ್ಲಿ ಎರಡು ದಿನ ಬಿಚ್ಚಿಟ್ಟು, ಮಧ್ಯಾಹ್ನದ ಹೊತ್ತು ತುಂಬಿ. ಬೋರ್ಡನ್ನ ಮರೀಬೇಡಿ, ಅದೂ ದಪ್ಪ ಕಾಗದವೇ, ನೀರು ಕುಡಿದಿರುತ್ತೆ. ಡಬ್ಬಿ ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರೋ ಪ್ಲಾಸ್ಟಿಕ್ಕಿನದ್ದಾಗಲಿ. ರಟ್ಟಿನ ಲಾಂಗ್ ಬಾಕ್ಸ್ ನಮ್ಮ ಕಡೆ ಬೇಡ, ರಟ್ಟೇ ಮೊದಲು ಮೆತ್ತಗಾಗಿ ತಳ ಬಿಡುತ್ತೆ, ಗೆದ್ದಲಿಗೂ ಅದೇ ದಾರಿ. ಹೀಗೆ ಒಣಗಿದ್ದನ್ನ ತುಂಬಿದರೆ ಅರ್ಧ ಕೆಜಿ ಜೆಲ್ ಅಕ್ಟೋಬರ್ ತನಕ ಕಾಯುತ್ತೆ, ಯಾಕಂದ್ರೆ ಅದು ಒಣಗಿಸಬೇಕಿಲ್ಲ, ರಬ್ಬರಿನ ಸಂದಿಯಲ್ಲಿ ನುಸುಳೋ ತೇವ ಹಿಡಿದರೆ ಸಾಕು.

ಒಳಗೊಂದು ಪುಟ್ಟ ಡಿಜಿಟಲ್ ಹೈಗ್ರೋಮೀಟರ್ (ಗಾಳಿಯ ತೇವಾಂಶ ಅಳೆಯೋದು) ಇಡಿ. ಶೇಕಡಾ 40ರಿಂದ 50 ಇದ್ದರೆ ಚೆನ್ನ. 65 ದಾಟಿ ಅಲ್ಲೇ ನಿಂತರೆ ಬೂಷ್ಟು ಏಳೋಕೆ ಶುರು. 30ಕ್ಕೆ ಇಳಿಸಲೂಬಾರದು, ಕಾಗದ ಗರಿಗರಿಯಾಗಿ ಮಡಿಕೆಯಲ್ಲಿ ಮುರಿಯುತ್ತೆ.

ಕೊಪ್ಪದ_ಓದುಗ (ಕೊಪ್ಪ)

ನೀಲಿ ಜೆಲ್ಲಾ, ಕಿತ್ತಳೆಯಾ?

ಮೂಡಿಗೆರೆ_ಮಳೆ (ಮೂಡಿಗೆರೆ)

ಕಿತ್ತಳೆ. ನೀಲಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ, ಮಕ್ಕಳಿರೋ ಮನೆಗೆ ಬೇಡ. ಕಿತ್ತಳೆ ಹಸಿರಿಗೆ ತಿರುಗಿದಾಗ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ, ಮತ್ತೆ ಕಿತ್ತಳೆ ಆಗುತ್ತೆ. ತಟ್ಟೆಯಲ್ಲಿ ಒಂದೇ ಪದರ ಹರಡಿ, ಆ ತಟ್ಟೆ ಅಡುಗೆಗೆ ಬಳಸಬೇಡಿ. ಆರಿದ ಮೇಲೆ ಬಟ್ಟೆ ಚೀಲಕ್ಕೆ ತುಂಬಿ. ಬಿಸಿ ಇರುವಾಗಲೇ ಡಬ್ಬಿಗೆ ಹಾಕಿದ್ರೆ ಬ್ಯಾಗು ಸುಕ್ಕಾಗುತ್ತೆ.

ಘಾಟಿ_ಮಬ್ಬು (ಸಕಲೇಶಪುರ)

ಹಂಡೆ ಒಲೆ ಮೇಲಿನ ಅಟ್ಟದಲ್ಲಿಟ್ಟರೆ? ಹಳೇ ಕಾಲದಲ್ಲಿ ಕಾಗದಪತ್ರ ಎಲ್ಲ ಅಲ್ಲೇ ಇಡ್ತಿದ್ರು, ಬೆಚ್ಚಗಿರುತ್ತೆ.

ಬಣ್ಣದ_ಇಂಕು (ಹಾಸನ)

ಬೇಡವೇ ಬೇಡ. ಬೆಚ್ಚಗಿರುತ್ತೆ ನಿಜ, ಹೊಗೆಯೂ ಇರುತ್ತೆ. ಮಸಿ ಪುಟದ ಅಂಚಿಗೆ ಹತ್ತಿದರೆ ಉಜ್ಜಿ ತೆಗೆಯೋಕಾಗಲ್ಲ. ಜೊತೆಗೆ ಬೆಳಗ್ಗೆ ಒಲೆ ಹಚ್ಚಿದಾಗ ಬಿಸಿ, ರಾತ್ರಿ ಥಂಡಿ, ಹೀಗೆ ದಿನಾ ಏರಿಳಿತ. ಕವರಿನ ಹೊರಮೈಗೆ ಲೇಪ ಇರುತ್ತೆ, ಒಳಮೈಗೆ ಅಷ್ಟಿರಲ್ಲ. ಒಳಮೈ ತೇವ ಕುಡಿದು ಹಿಗ್ಗಿದಾಗ ಕವರ್ ಹೊರಕ್ಕೆ ಸುರುಳಿ ತಿರುಗುತ್ತೆ. ಏರಿಳಿತ ಹೆಚ್ಚಿದಷ್ಟೂ ಸುರುಳಿ ಹೆಚ್ಚು.

ತೇವ ತುಂಬಾ ಜಾಸ್ತಿಯಾದರೆ ಸುರುಳಿಗಿಂತ ಕೆಟ್ಟದ್ದು ಆಗುತ್ತೆ. ಹೊಳಪಿನ ಕಾಗದದ ಮೇಲಿರೋದು ನುಣ್ಣನೆ ಜೇಡಿಯ ಲೇಪ. ಅದು ನೆಂದು ಒಣಗಿದರೆ ಎದುರುಬದುರು ಪುಟಗಳು ಅಂಟಿಕೊಂಡು ಗಟ್ಟಿಯಾಗ್ತವೆ. ಬಿಡಿಸಹೋದ್ರೆ ಚಿತ್ರ ಚೂರುಚೂರಾಗಿ ಎದ್ದು ಬರುತ್ತೆ. ಸಂಚಿಕೆಗೆ ನೀರು ಬಿದ್ದರೆ ಒಣಗೋ ಮುಂಚೆಯೇ ಪುಟ ಪುಟ ಬಿಡಿಸಿ, ನಡುವೆ ಬಿಳಿ ಟಿಶ್ಯೂ ಹಾಕಿ, ಗಂಟೆಗೊಮ್ಮೆ ಬದಲಾಯಿಸ್ತಾ ಫ್ಯಾನ್ ಗಾಳಿಗೆ ಇಡಿ. ಬಿಸಿಲಿಗೂ ಹೇರ್ ಡ್ರೈಯರ್‌ಗೂ ಕೊಡಬೇಡಿ.

ಮೂಡಿಗೆರೆ_ಮಳೆ (ಮೂಡಿಗೆರೆ)

ಬೆಚ್ಚಗಿಡೋ ಯೋಚನೆ ಸರಿಯೇ, ಜಾಗ ತಪ್ಪು. ಬೀರುವಿನ ತಳದಲ್ಲಿ 15 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬು ಉರಿಸೋದು ನಮ್ಮ ಕಡೆ ಮೊದಲಿನಿಂದ ಇದೆ. ಒಳಗಿನ ಗಾಳಿ 22ರಿಂದ 26 ಡಿಗ್ರಿಗೆ ಏರಿದರೆ 90 ಇದ್ದ ತೇವಾಂಶ 70ರ ಸುಮಾರಿಗೆ ಇಳಿಯುತ್ತೆ. ಎಲ್‌ಇಡಿ ಹಾಕಿದ್ರೆ ಅಷ್ಟು ಬಿಸಿ ಬರಲ್ಲ. ಬಲ್ಬಿನ ಸುತ್ತ ತಗಡಿನ ಮರೆ ಇರಲಿ, ಬೆಳಕು ನೇರ ಕವರಿಗೆ ಬಿದ್ದರೆ ಕೆಂಪು, ಹಳದಿ ಮಾಸುತ್ತೆ. ಕಾಗದ, ಬಟ್ಟೆ ಯಾವುದೂ ಬಲ್ಬಿಗೆ ತಾಗದ ಹಾಗೆ ನೋಡಿಕೊಳ್ಳಿ, ಮನೆ ಬಿಟ್ಟು ಹೋಗುವಾಗ ಆರಿಸಿ. ಬೀರು ಹೊರಗೋಡೆಯಿಂದ ನಾಲ್ಕು ಬೆರಳಾದರೂ ದೂರ ಇರಲಿ. ಕಬ್ಬಿಣದ ಬೀರು ತಣ್ಣನೆ ಗೋಡೆಗೆ ಒತ್ತಿದ್ದರೆ ಒಳಗೆ ಹನಿ ಕಟ್ಟುತ್ತೆ.

ಕೊಪ್ಪದ_ಓದುಗ (ಕೊಪ್ಪ)

ನುಸಿಗುಳಿಗೆ ಹಾಕ್ಬಹುದಾ?

ಬಣ್ಣದ_ಇಂಕು (ಹಾಸನ)

ಡಬ್ಬಿಯೊಳಗೆ ಬೇಡ. ಅದರ ಆವಿ ಪ್ಲಾಸ್ಟಿಕ್ ಬ್ಯಾಗನ್ನ ಮೆತ್ತಗೆ ಮಾಡುತ್ತೆ, ವಾಸನೆ ಕಾಗದ ಬಿಟ್ಟು ಹೋಗಲ್ಲ. ಹುಳ ಕಂಡರೆ ಸಂಚಿಕೆಗಳನ್ನ ಪ್ಲಾಸ್ಟಿಕ್ಕಿನಲ್ಲಿ ಗಾಳಿ ತೆಗೆದು ಬಿಗಿಯಾಗಿ ಸುತ್ತಿ ಎರಡು ವಾರ ಫ್ರೀಜರಿನಲ್ಲಿಡಿ. ಹೊರತೆಗೆದ ಮೇಲೆ ಒಂದು ದಿನ ಬಿಚ್ಚಲೇಬೇಡಿ. ತಣ್ಣಗಿರುವಾಗಲೇ ಬಿಚ್ಚಿದ್ರೆ ಕವರ್ ಮೇಲೆ ಇಬ್ಬನಿ ಕೂರುತ್ತೆ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಹರಡುತ್ತೆ. ಆ ಸಂಚಿಕೆ ಬೇರೆ ಇಟ್ಟು, ಪೂರ್ತಿ ಒಣಗಿಸಿ, ಮಾಸ್ಕ್ ಹಾಕಿಕೊಂಡು ಅಂಗಳದಲ್ಲಿ ಮೆತ್ತನೆ ಬ್ರಶ್ಶಿನಿಂದ ಉದುರಿಸಿ.

ಹೇಮಾವತಿ_ದಂಡೆ (ಹಾಸನ)

ಬ್ಯಾಗಿನ ಟೇಪ್ ಬಗ್ಗೆಯೂ ಹೇಳಿ ಅಕ್ಕ. ಸಂಚಿಕೆ ಹೊರಗೆ ಎಳೆಯುವಾಗ ಮಡಿಕೆಯ ಟೇಪ್ ಕವರಿಗೆ ಅಂಟಿ ಬಣ್ಣ ಕಿತ್ತು ಬರೋದೇ ಹೆಚ್ಚಿನವರ ಗೋಳು.

ಬಣ್ಣದ_ಇಂಕು (ಹಾಸನ)

ಟೇಪ್ ಬಿಡಿಸಿದ ತಕ್ಷಣ ಅದನ್ನ ಬ್ಯಾಗಿನ ಹಿಂಬದಿಗೆ ಮಡಚಿ ಅಂಟಿಸಿ, ಆಮೇಲೆ ಬೋರ್ಡಿನ ಸಮೇತ ಎಳೆಯಿರಿ. ಸಂಚಿಕೆ ಒಂದನ್ನೇ ಎಳೀಬೇಡಿ. ಬೋರ್ಡಿನ ನಯವಾದ ಮೈ ಸಂಚಿಕೆ ಕಡೆಗಿರಲಿ. ಪಾಲಿಪ್ರೊಪಿಲೀನ್ ಬ್ಯಾಗು ಕೆಲವು ವರ್ಷಕ್ಕೆ ಅಲೆಅಲೆ ಆಗುತ್ತೆ, ಆಗ ಬದಲಾಯಿಸಿ. ಮೈಲಾರ್ ಅನ್ನೋ ಪಾಲಿಯೆಸ್ಟರ್ ಬ್ಯಾಗು ದುಬಾರಿ, ಬದಲಾಯಿಸೋ ತಾಪತ್ರಯ ಇಲ್ಲ.

ಗಿರಿಪುಟ (ಚಿಕ್ಕಮಗಳೂರು)

ಇಷ್ಟೆಲ್ಲ ಗೊತ್ತಿರೋರು ಇಲ್ಲಿದ್ದೀರಿ ಅಂತ ಖುಷಿಯಾಯ್ತು. ಇನ್ನೊಂದು ಪ್ರಶ್ನೆ. ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್ 1ನೇ ಸಂಚಿಕೆ ಎಷ್ಟೋ ಸಲ ಮರುಮುದ್ರಣ ಆಗಿದೆ. ಮಾರೋರು ಎಲ್ಲಾನೂ 'ಮೊದಲ ಮುದ್ರಣ' ಅಂತಲೇ ಹೇಳ್ತಾರೆ. ಪತ್ತೆ ಹೇಗೆ?

ಒಣಹವೆ (ಅರಸೀಕೆರೆ)

ಬಾರ್‌ಕೋಡ್ ನೋಡಿ ಸಾರ್. ದೊಡ್ಡ ಬಾರ್‌ಕೋಡಿನ ಪಕ್ಕ ಐದಂಕಿಯ ಸಣ್ಣದೊಂದು ಇರುತ್ತೆ. ಮೊದಲ ಮೂರಂಕಿ ಸಂಚಿಕೆ ಸಂಖ್ಯೆ, ನಾಲ್ಕನೆಯದು ಯಾವ ಕವರ್, ಐದನೆಯದು ಎಷ್ಟನೇ ಮುದ್ರಣ. 00111 ಅಂದ್ರೆ 1ನೇ ಸಂಚಿಕೆ, ಮುಖ್ಯ ಕವರ್, ಮೊದಲ ಮುದ್ರಣ. 00121 ಅಂದ್ರೆ ಅದೇ ಸಂಚಿಕೆಯ ಎರಡನೇ ಕವರ್. 00112 ಅಂದ್ರೆ ಎರಡನೇ ಮುದ್ರಣ. ಆನ್‌ಲೈನಿನಲ್ಲಿ ತಗೊಳ್ಳುವಾಗ ಬಾರ್‌ಕೋಡಿನ ಫೋಟೋ ಕೇಳಿ. ಕೊಡಲ್ಲ ಅಂದ್ರೆ ಬಿಟ್ಟುಬಿಡಿ.

ಓದೋಕೆ ಮಾತ್ರ ಬೇಕು ಅಂದ್ರೆ ಮರುಮುದ್ರಣವೇ ತಗೊಳ್ಳಿ, ಒಳಗಿನ ಕಥೆ ಅದೇ. ಅಪರೂಪದ ವೇರಿಯಂಟ್ ಕವರಿಗೆ (ಅದೇ ಸಂಚಿಕೆಗೆ ಬೇರೆ ಚಿತ್ರದ ಮುಖಪುಟ) ನಾಲ್ಕು ಪಟ್ಟು ಕೊಡೋದು ನನಗಂತೂ ಸರಿ ಕಾಣಲ್ಲ. ಇಪ್ಪತ್ತೈದೋ ಇನ್ನೆಷ್ಟೋ ಪ್ರತಿ ತರಿಸಿದ ಅಂಗಡಿಗೆ ಒಂದು ಸಿಗೋ ಕವರು ಅದು. ಕಥೆಗೂ ಆ ಬೆಲೆಗೂ ಸಂಬಂಧ ಇಲ್ಲ.

ಘಾಟಿ_ಮಬ್ಬು (ಸಕಲೇಶಪುರ)

ತರಿಸುವಾಗ ತೂಕ ನೋಡ್ಕೊಳ್ಳಿ. ಪ್ಯಾಕಿಂಗ್ ಸೇರಿ ಹತ್ತು ಸಂಚಿಕೆಗೆ ಒಂದು ಕೆಜಿ ಮೀರುತ್ತೆ, ಒಂದೊಂದೇ ತರಿಸಿದ್ರೆ ಸಾಗಣೆ ಖರ್ಚೇ ಸಂಚಿಕೆಗಿಂತ ಜಾಸ್ತಿ. ಎರಡು ಅಲೆರಟ್ಟಿನ ನಡುವೆ ಇಡೋಕೆ ಹೇಳಿ, ರಟ್ಟು ಸಂಚಿಕೆಗಿಂತ ಸುತ್ತಲೂ ಒಂದಂಗುಲ ದೊಡ್ಡದಿರಲಿ, ಒಂದರ ಗೆರೆ ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ. ಎರಡೂ ಒಂದೇ ಕಡೆ ಇದ್ದರೆ ಆ ಗೆರೆಯಲ್ಲೇ ಮಡಚಿಕೊಳ್ಳುತ್ತೆ. ಮಳೆಗಾಲದಲ್ಲಿ ತೋಟದ ಮನೆ ವಿಳಾಸ ಕೊಡಬೇಡಿ, ಗೇಟಿನ ಹತ್ತಿರ ಬಿಟ್ಟು ಹೋಗ್ತಾರೆ. ಪೇಟೆಯಲ್ಲಿ ಗೊತ್ತಿರೋರ ಅಂಗಡಿ ವಿಳಾಸ ಕೊಡಿ.

ಶಿಲೆ_ಸಾಲು (ಬೇಲೂರು)

ವಿಷಯ ಸ್ವಲ್ಪ ಬೇರೆ. ಮೇಲೆ ಪಟ್ಟಿ ಪಟ್ಟಿಯಾಗಿ ಓದೋ ಮಾತು ಬಂತಲ್ಲ, ಹಳೇಬೀಡಿಗೆ ಹೋದಾಗ ಹೊಯ್ಸಳೇಶ್ವರದ ಹೊರಗೋಡೆಯ ಸಾಲುಗಳನ್ನ ಕಾಮಿಕ್ಸ್ ಓದುಗರ ಕಣ್ಣಲ್ಲಿ ನೋಡಿ. ಕೆಳಗೆ ಆನೆ, ಅದರ ಮೇಲೆ ಸಿಂಹ, ಕುದುರೆ ಸವಾರರು, ಮೇಲೊಂದು ಪಟ್ಟಿಯಲ್ಲಿ ರಾಮಾಯಣ, ಮಹಾಭಾರತದ ದೃಶ್ಯಗಳು. ಪ್ರದಕ್ಷಿಣೆ ಬರುವಾಗ ಗುಡಿ ನಮ್ಮ ಬಲಗಡೆ ಇರುತ್ತೆ, ಅಂದ್ರೆ ಗೋಡೆಗೆ ಮುಖ ಮಾಡಿ ನೋಡ್ತಾ ಹೋದರೆ ಕಣ್ಣು ಬಲದಿಂದ ಎಡಕ್ಕೆ ಸರಿಯುತ್ತೆ, ಜಪಾನಿನ ಮಾಂಗಾ ಓದಿದ ಹಾಗೆ. ದೃಶ್ಯ ದೃಶ್ಯದ ನಡುವೆ ಗೆರೆ ಎಳೆದಿಲ್ಲದ ಕಡೆ ಒಂದು ಮರವೋ, ಬೆನ್ನು ತಿರುಗಿಸಿದ ಆಳೋ ಎರಡನ್ನ ಬೇರೆ ಮಾಡುತ್ತೆ. ಚೌಕದ ಗೆರೆ ಇಲ್ಲದೆ ಕಥೆ ಒಡೆಯೋದು ಹೇಗೆ ಅನ್ನೋದಕ್ಕೆ ಅದಕ್ಕಿಂತ ಪಾಠ ಬೇಕಾ?

ಹೇಮಾವತಿ_ದಂಡೆ (ಹಾಸನ)

ಚೆನ್ನಾಗಿ ಹೇಳಿದ್ರಿ. ಪೀಚ್ ಮೊಮೊಕೊ ಅವರ ಅಲ್ಟಿಮೇಟ್ ಎಕ್ಸ್-ಮೆನ್ ಜಪಾನಿನಲ್ಲೇ ನಡೆಯೋ ಕಥೆ, ಆದರೂ ಎಡದಿಂದ ಬಲಕ್ಕೇ ಓದಬೇಕು.

ಕೊಪ್ಪದ_ಓದುಗ (ಕೊಪ್ಪ)

ಇವನ್ನೆಲ್ಲ ಕನ್ನಡದಲ್ಲಿ ಯಾಕೆ ತರಲ್ಲ ಮಾರಾಯ್ರೆ? ಫ್ಯಾಂಟಮ್ ಕನ್ನಡದಲ್ಲಿ ಓದಿದ ತಲೆಮಾರು ಇನ್ನೂ ಇದೆ.

ಬಣ್ಣದ_ಇಂಕು (ಹಾಸನ)

ಹಕ್ಕು, ಮಾರುಕಟ್ಟೆ ಎಲ್ಲ ಒಂದು ಕಡೆ. ಪುಟದ ಮೇಲೆ ನಿಜವಾದ ಕಷ್ಟ ಬಲೂನಿನದ್ದು. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಎಲ್ಲ ದೊಡ್ಡಕ್ಷರ, ಕೆಳಗೆ ಇಳಿಯೋ ಬಾಲ ಇಲ್ಲ, ಸಾಲಿನ ಮೇಲೆ ಸಾಲು ಒತ್ತಾಗಿ ಕೂರುತ್ತೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತೆ, ಮೇಲೆ ಗುಡಿಸು ಏಳುತ್ತೆ. ಸಾಲಿನ ಅಂತರ ಅಕ್ಷರದ ಒಂದೂವರೆ ಪಟ್ಟು ಕೊಡದಿದ್ರೆ ಒತ್ತು ಕೆಳಗಿನ ಸಾಲಿಗೆ ತಾಗುತ್ತೆ. ಆ ಅಂತರ ಕೊಟ್ಟರೆ ಐದು ಸಾಲಿನ ಜಾಗದಲ್ಲಿ ಮೂರೇ ಸಾಲು. ಪದಗಳೂ ಉದ್ದ, ಪ್ರತ್ಯಯ ಸೇರಿ ಬಲೂನಿನ ಅಗಲ ದಾಟುತ್ತವೆ, ಅಡ್ಡಗೆರೆ ಹಾಕಿ ಒಡೆದರೆ ಓದು ಮುಗ್ಗರಿಸುತ್ತೆ. ಅಕ್ಷರ ಚಿಕ್ಕದು ಮಾಡಿ ತುರುಕಿದ್ರೆ ಓದೋರು ಬೈತಾರೆ.

ದಾರಿ ಇಲ್ಲ ಅಂತಲ್ಲ. ಅಕ್ಷರ ಬರೆಯೋರ ಕೈಗೆ ಬಲೂನಿಲ್ಲದ ಚಿತ್ರದ ಫೈಲ್ ಸಿಗಬೇಕು, ಬಲೂನನ್ನ ಹೊಸದಾಗಿ ಅಗಲವಾಗಿ ಎಳೀಬೇಕು, ಮಾತನ್ನ ಮೊದಲೇ ಮೊಟಕು ಮಾಡಿ ಬರೀಬೇಕು. ಆಡುಮಾತು ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. 'ಹೋಗುತ್ತಿದ್ದೇನೆ' ಬದಲು 'ಹೊರಟೆ' ಅಂದ್ರೆ ಅರ್ಧ ಬಲೂನು ಉಳೀತು. ಕ್ಲೇಟನ್ ಕೌಲ್ಸ್ ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್‌ಗೆ ಅಕ್ಷರ ಕೂರಿಸಿರೋ ರೀತಿ ನೋಡಿ, ಅಷ್ಟು ಇಕ್ಕಟ್ಟಾದ ಚೌಕಗಳಲ್ಲೂ ಒಂದು ಬಲೂನೂ ಮುಖದ ಮೇಲೆ ಹತ್ತಿಲ್ಲ. ಆ ಶ್ರದ್ಧೆ ಇರೋರು ಕನ್ನಡಕ್ಕೂ ಬೇಕು.

ಒಣಹವೆ (ಅರಸೀಕೆರೆ)

ಮೊದಲಿನ ಪ್ರಶ್ನೆಗೆ ನನ್ನದೂ ಒಂದು ಮಾತು. ಹೊಸಬರು ಅಬ್ಸಲ್ಯೂಟ್‌ಗಿಂತ ಮ್ಯಾಟ್ ಫ್ರ್ಯಾಕ್ಷನ್, ಹೋರ್ಹೆ ಹಿಮೆನೆಸ್ ಅವರ ಬ್ಯಾಟ್‌ಮ್ಯಾನ್‌ನಿಂದ ಶುರು ಮಾಡೋದು ವಾಸಿ. 2025ರ ಸೆಪ್ಟೆಂಬರಿನಲ್ಲಿ ಮತ್ತೆ 1ನೇ ಸಂಚಿಕೆಯಿಂದ ಶುರುವಾಗಿದೆ. ಶುರುವಿನ ಒಂದೊಂದು ಸಂಚಿಕೆಯೂ ಬಹುಮಟ್ಟಿಗೆ ತಾನೇ ಮುಗಿಯುತ್ತೆ, ಮುಂದಿನದು ತಡವಾದರೂ ಕಾಡಲ್ಲ. ಬ್ಯಾಟ್‌ಮ್ಯಾನ್‌ನದೇ 'ಹಷ್' ಕಥೆಯ ಎರಡನೇ ಭಾಗ ನಂಬಿದವರಿಗೆ ತಡ ಅಂದ್ರೆ ಏನು ಅಂತ ಗೊತ್ತಿದೆ.

ಘಾಟಿ_ಮಬ್ಬು (ಸಕಲೇಶಪುರ)

ಅಬ್ಸಲ್ಯೂಟ್ ವಂಡರ್ ವುಮನ್ ಬಿಟ್ಟುಬಿಟ್ರಿ ಎಲ್ಲರೂ! ಕೆಲ್ಲಿ ಥಾಂಪ್ಸನ್ ಕಥೆ, ಹೇಡನ್ ಶರ್ಮನ್ ಚಿತ್ರ. ನರಕದಲ್ಲಿ ಸರ್ಸಿ ಸಾಕಿ ಬೆಳೆಸಿದ ಡಯಾನಾ, ಮೂಳೆಯ ಪೆಗಾಸಸ್ ಮೇಲೆ ಬರ್ತಾಳೆ. ಇಷ್ಟು ಕತ್ತಲ ಹಿನ್ನೆಲೆ ಕೊಟ್ಟೂ ಅವಳ ಕರುಣೆಯನ್ನ ಒಂದಿಷ್ಟೂ ಕಡಿಮೆ ಮಾಡಿಲ್ಲ. ಬ್ಯಾಟ್‌ಮ್ಯಾನ್ ಸರಣಿಯಲ್ಲಿ ಸಿಟ್ಟು ಹೆಚ್ಚು, ಇಲ್ಲಿ ಪ್ರೀತಿ ಹೆಚ್ಚು. 2025ರ ಐಸ್ನರ್ ಕಾಮಿಕ್ಸ್ ಪ್ರಶಸ್ತಿಯಲ್ಲಿ ಅತ್ಯುತ್ತಮ ಹೊಸ ಸರಣಿ ಇದೇ. ನನ್ನ ಲೆಕ್ಕದಲ್ಲಿ ಮೂರರಲ್ಲಿ ಇದೇ ಮೇಲು.

ಗಿರಿಪುಟ (ಚಿಕ್ಕಮಗಳೂರು)

ಮೇಲು ಅನ್ನೋದು ಒಪ್ಪಲ್ಲ, ಎರಡನೆಯದು ಅಂದ್ರೆ ಒಪ್ತೀನಿ. ಚಿತ್ರದಲ್ಲಿ ಶರ್ಮನ್ ಪುಟದ ವಿನ್ಯಾಸ ಅದ್ಭುತ, ಆದ್ರೆ ಗೆಳೆಯರ ಆ ಗುಂಪು ಬ್ಯಾಟ್‌ಮ್ಯಾನ್‌ಗೆ ಕೊಡೋ ತೂಕ ಅಲ್ಲಿ ಇನ್ನೂ ಯಾವ ಪೋಷಕ ಪಾತ್ರಕ್ಕೂ ಬಂದಿಲ್ಲ. ಸರಿ, ನನ್ನ ತೀರ್ಮಾನ: ಬ್ಯಾಟ್‌ಮ್ಯಾನ್, ಮಾರ್ಷಿಯನ್ ಮ್ಯಾನ್‌ಹಂಟರ್ ಬಿಡಿಯಾಗಿ, ವಂಡರ್ ವುಮನ್ ಹಾರ್ಡ್‌ಕವರ್, ಸ್ಪೈಡರ್-ಮ್ಯಾನ್ ಅನ್‌ಲಿಮಿಟೆಡ್‌ನಲ್ಲಿ ತಿಂಗಳಿಗೊಂದು. @ಮೂಡಿಗೆರೆ_ಮಳೆ, ಜುಲೈನಲ್ಲಿ ಬಂದ ಪಾರ್ಸೆಲ್ಲನ್ನ ಒಣಗಿರೋ ಡಬ್ಬಿಗೆ ಸೇರಿಸಬಹುದಾ?

ಮೂಡಿಗೆರೆ_ಮಳೆ (ಮೂಡಿಗೆರೆ)

ಸೇರಿಸಬೇಡಿ. ಹೊಸತು ತಂದ ತೇವವನ್ನ ಹಳೇ ನೂರು ಸಂಚಿಕೆ ಹಂಚಿಕೊಳ್ಳುತ್ತವೆ. ಮಳೆಗಾಲದ್ದಕ್ಕೆ ಬೇರೆ ಸಣ್ಣ ಡಬ್ಬಿ ಇಡಿ. ಪ್ಲಾಸ್ಟಿಕ್ ಬ್ಯಾಗಿಗೆ ಹಾಕದೆ, ಬೋರ್ಡು ಮಾತ್ರ ಕೊಟ್ಟು ನಿಲ್ಲಿಸಿ, ಹತ್ತು ಸಂಚಿಕೆಗೆ ಕಾಲು ಕೆಜಿ ಜೆಲ್. ಹೈಗ್ರೋಮೀಟರ್ 50ಕ್ಕೆ ಇಳಿದು ನಾಲ್ಕು ದಿನ ಅಲ್ಲೇ ನಿಂತ ಮೇಲೆ ಬ್ಯಾಗು ಹಾಕಿ ದೊಡ್ಡ ಡಬ್ಬಿಗೆ ಸಾಗಿಸಿ. ಓದಬೇಕು ಅನ್ನಿಸಿದರೆ ಓದಿಯೇ ಒಳಗಿಡಿ, ಆಮೇಲೆ ಪದೇ ಪದೇ ಮುಚ್ಚಳ ತೆಗೀಬಾರದು.